ಕುಚ್ಚು ಮೀನಿಗೆ ಬೇಟ್‌ಕಾಸ್ಟಿಂಗ್ ರೀಲ್: ಕೊಳ್ಳುವುದು, ಹದ ಮಾಡುವುದು, ಮಲೆನಾಡಿನ ತೇವದಲ್ಲಿ ಕಾಪಾಡುವುದು

ಅಂಗಡಿಗಳಲ್ಲಿ ಸಿಗುವ, ರಾಡಿಗೆ ಕೂರಿಸಿ ಗಾಳದ ದಾರ ಸುತ್ತುವ ಬೇಟ್‌ಕಾಸ್ಟಿಂಗ್ ರೀಲುಗಳಲ್ಲಿ ಹೆಚ್ಚಿನವು ಬಾಸ್ ಮೀನಿಗಾಗಿ ರೂಪಿಸಿದವು. ಲಾರ್ಜ್‌ಮೌತ್ ಬಾಸ್ ಅಮೆರಿಕದ ಮೀನು, ನಮ್ಮ ತುಂಗೆ, ಭದ್ರೆ, ಶರಾವತಿಯದ್ದಲ್ಲ. ಆದರೂ ಆ ರೀಲು ಶಿವಮೊಗ್ಗ, ಸಾಗರ, ಹೊಸನಗರದ ಕಡೆ ಇಷ್ಟು ಓಡುತ್ತಿರುವುದಕ್ಕೆ ಕಾರಣ ನಮ್ಮ ಕುಚ್ಚು. ಅಂಗಡಿಯವರು ಮುರೆಲ್ ಅಂತಾರಲ್ಲ, ಅದೇ. ಬಾಸ್ ಹೇಗೋ ಕುಚ್ಚೂ ಹಾಗೇ: ಜೊಂಡು, ತಾವರೆ ಎಲೆ, ನೀರಿಗೆ ಬಾಗಿದ ಕೊಂಬೆಯ ಮರೆಯಲ್ಲಿ ಹೊಂಚು ಹಾಕಿ ಕೂತು, ಮೇಲೆ ಹಾದುಹೋಗುವ ಕಪ್ಪೆಯ ಮೇಲೆ ಒಮ್ಮೆಲೇ ಎರಗುತ್ತದೆ. ಕಚ್ಚಿದ ಮರುಕ್ಷಣ ಕಳೆಯೊಳಗೆ ನುಗ್ಗುತ್ತದೆ. ಅದನ್ನು ಅಲ್ಲಿಂದ ಎಳೆದು ತೆಗೆಯಲು ಬೇಕಾದ ಬಲ ಈ ರೀಲಿನಲ್ಲಿದೆ.

ಆದರೆ ಡಬ್ಬಿಯ ಮೇಲೆ ಬರೆದಿರುವ ಲೆಕ್ಕ ಅಲ್ಲಿಯ ನೀರಿನದು, ಅಲ್ಲಿಯ ಹವೆಯದು. ಯೂಟ್ಯೂಬಿನ ಸಲಹೆಗಳೂ ಬಹುಪಾಲು ಅಲ್ಲಿಯವೇ. ಮಲೆನಾಡಿನಲ್ಲಿ ರೀಲು ಹಾಳಾಗುವುದು ಉಪ್ಪು ನೀರಿನಿಂದಲ್ಲ, ದೊಡ್ಡ ಮೀನಿನಿಂದಲೂ ಅಲ್ಲ. ಕೆಮ್ಮಣ್ಣಿನ ಗಸಿ, ನಾಲ್ಕು ತಿಂಗಳ ತೇವ, ಮತ್ತು ಪ್ರೀತಿ ಹೆಚ್ಚಾಗಿ ಸುರಿದ ಗ್ರೀಸು, ಈ ಮೂರರಿಂದ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೊಳ್ಳುವುದರಿಂದ ಹಿಡಿದು ಬಿಚ್ಚಿ ತೊಳೆಯುವವರೆಗಿನ ಕೆಲಸವನ್ನು ಇಲ್ಲಿ ಬರೆದಿದ್ದೇನೆ.

ಗಾಳ ಹಾಕುವ ಜಾಗದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಭದ್ರಾ ಮತ್ತು ಶರಾವತಿ ಕಣಿವೆ ಅಭಯಾರಣ್ಯಗಳ ಗಡಿಯೊಳಗೆ ಮೀನು ಹಿಡಿಯಲು ಹೋಗಿ 1972ರ ವನ್ಯಜೀವಿ ಕಾಯ್ದೆಗೆ ಸಿಕ್ಕಿಕೊಳ್ಳಬೇಡಿ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಶೃಂಗೇರಿಯ ಮತ್ಸ್ಯಧಾಮಗಳ ಹತ್ತಿರ ರಾಡು ಬಿಚ್ಚುವುದೇ ಬೇಡ. ಊರ ಕೆರೆಯಾದರೆ ಗುತ್ತಿಗೆ ಹಿಡಿದವರನ್ನು ಕೇಳಿ, ಜಲಾಶಯವಾದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ನಿಮಗೆ ಈ ರೀಲು ಬೇಕೇ?

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ಅಲ್ಲಾಡುವುದಿಲ್ಲ, ದಾರ ಅದರ ಅಂಚಿನಿಂದ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟರಿನಲ್ಲಿ ಲೂರ್ (ಮೀನನ್ನು ಮರುಳು ಮಾಡುವ ಕೃತಕ ಎರೆ) ದಾರವನ್ನು ಎಳೆಯುತ್ತದೆ, ದಾರ ಸ್ಪೂಲನ್ನು ತಿರುಗಿಸುತ್ತದೆ. ಲೂರ್ ಗಾಳಿಯಲ್ಲಿ ನಿಧಾನವಾಯಿತು, ಸ್ಪೂಲ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತಿದೆ ಎಂದರೆ ಹೊರಗೆ ಹೋಗಲಾಗದ ದಾರ ರೀಲಿನಲ್ಲೇ ಉಬ್ಬಿ ಸಿಕ್ಕಾಗುತ್ತದೆ. ಈ ರೀಲಿನ ಎಲ್ಲ ಬ್ರೇಕು, ತಿರುಪು, ಹೆಬ್ಬೆರಳಿನ ಕಸರತ್ತು ಇರುವುದು ಈ ಒಂದು ಸಂಗತಿಗಾಗಿ.

ಹಾಗಾಗಿ 5 ಗ್ರಾಂ ಒಳಗಿನ ಸಣ್ಣ ಸ್ಪಿನ್ನರು, ಎರೆಹುಳು, ಹಿಟ್ಟಿನ ಉಂಡೆ ಹಾಕುವವರು ಸ್ಪಿನ್ನಿಂಗ್ ರೀಲಿನಲ್ಲೇ ಸುಖವಾಗಿರುತ್ತಾರೆ. ಸಾಮಾನ್ಯ ಬೇಟ್‌ಕಾಸ್ಟರಿನ ಸ್ಪೂಲನ್ನು ಸರಾಗವಾಗಿ ತಿರುಗಿಸಲು 7 ಗ್ರಾಂ ಆದರೂ ತೂಕ ಬೇಕು. 10ರಿಂದ 20 ಗ್ರಾಂ ಅದರ ನಿಜವಾದ ಮನೆ. ಹಗುರ ಲೂರಿಗೆಂದೇ ತೆಳು ಸ್ಪೂಲಿನ ಬಿಎಫ್‌ಎಸ್ (ಬೇಟ್ ಫಿನೆಸ್ ಸಿಸ್ಟಮ್) ರೀಲುಗಳಿವೆ. ಅವು ಚಂದ, ಆದರೆ ಅವುಗಳಲ್ಲಿ ದಪ್ಪ ಬ್ರೇಡ್, ಅಂದರೆ ಹೆಣೆದ ದಾರ, ಹಿಡಿಸುವುದಿಲ್ಲ. ಜೊಂಡಿನ ಕುಚ್ಚಿಗೆ ಅದು ಮೊದಲ ರೀಲಲ್ಲ.

ಆಯ್ಕೆ

ರೀಲಿನಿಂದ ಶುರುಮಾಡಬೇಡಿ. ಯಾವ ಲೂರ್ ಎಸೆಯುತ್ತೀರಿ, ಎಂಥ ನೀರಿಗೆ ಎಸೆಯುತ್ತೀರಿ ಅನ್ನುವುದರಿಂದ ಶುರುಮಾಡಿ. ನಮ್ಮ ಕಡೆ ಅದು ಸಾಮಾನ್ಯವಾಗಿ 8ರಿಂದ 18 ಗ್ರಾಂನ ರಬ್ಬರ್ ಕಪ್ಪೆ, ಕಳೆ ತುಂಬಿದ ಕೆರೆ ಅಥವಾ ಹಿನ್ನೀರಿನ ಅಂಚು. ಅದಕ್ಕೆ ಬೇಕಾದದ್ದು 30ರಿಂದ 50 ಪೌಂಡಿನ (ಅಷ್ಟು ಭಾರ ತಡೆಯುವ) ಬ್ರೇಡ್. ಕಳೆ ತೀರಾ ದಟ್ಟವಾಗಿದ್ದರೆ 65. ಈ ದಾರ 80–100 ಮೀಟರ್ ಹಿಡಿಸುವ ಸ್ಪೂಲ್ ಸಾಕು. ಡಬ್ಬಿಯ ಮೇಲೆ ಮೋನೊ (ಒಂಟಿ ಎಳೆಯ ನೈಲಾನ್ ದಾರ) ಅಳತೆ ಮಾತ್ರ ಬರೆದಿದ್ದರೆ ಒಂದು ಅಂದಾಜು: 50 ಪೌಂಡಿನ ಬ್ರೇಡ್ ಹೆಚ್ಚುಕಡಿಮೆ 12 ಪೌಂಡಿನ ಮೋನೊ ದಾರದಷ್ಟು ದಪ್ಪ, 30 ಪೌಂಡಿನದು 8 ಪೌಂಡಿನ ಮೋನೊದಷ್ಟು.

ಇನ್ನು ಎಡವೋ ಬಲವೋ. ಸ್ಪಿನ್ನಿಂಗ್ ರೀಲಿನ ಹ್ಯಾಂಡಲನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಬಹುದು, ಬೇಟ್‌ಕಾಸ್ಟರಿನದ್ದನ್ನು ಆಗುವುದಿಲ್ಲ. ಕೊಳ್ಳುವಾಗಲೇ ತೀರ್ಮಾನಿಸಬೇಕು. ಬಲಗೈಯಲ್ಲಿ ಎಸೆಯುವವರು ಎಡ ಹ್ಯಾಂಡಲಿನದ್ದು ತೆಗೆದುಕೊಂಡರೆ ಎಸೆದ ಮೇಲೆ ರಾಡನ್ನು ಕೈ ಬದಲಿಸುವ ಕೆಲಸವಿಲ್ಲ. ಕಪ್ಪೆ ನೀರಿಗೆ ಬಿದ್ದ ಕ್ಷಣಕ್ಕೇ ಕುಚ್ಚು ಎರಗುವುದುಂಟು, ಆಗ ಕೈ ಬದಲಿಸುತ್ತಾ ಕೂತರೆ ಆಯಿತು ಕಥೆ. ನನ್ನ ಮಟ್ಟಿಗೆ ಕಪ್ಪೆ ಎಸೆಯುವವರಿಗೆ ಎಡವೇ ಸರಿ. ಬಲಗೈಯಲ್ಲೇ ತಿರುಗಿಸಿ ರೂಢಿಯಾದವರು ವಾದಕ್ಕೆ ಬರುತ್ತಾರೆ, ಬರಲಿ.

ಗೇರ್ ಲೆಕ್ಕಕ್ಕೆ ಬರೋಣ. 7.1:1 ಅಂದರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ 7.1 ಸುತ್ತು. ಆದರೆ ದಾರ ಎಷ್ಟು ಬರುತ್ತದೆ ಎಂಬುದು ಸ್ಪೂಲಿನ ಸುತ್ತಳತೆಯ ಮೇಲೆ ನಿಂತಿದೆ. ದಾರ ತುಂಬಿದ ಸ್ಪೂಲಿನ ವ್ಯಾಸ 34 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 10.7 ಸೆಂ.ಮೀ. ಅದನ್ನು 5.4ರಿಂದ ಗುಣಿಸಿದರೆ ಒಂದು ಸುತ್ತಿಗೆ 58 ಸೆಂ.ಮೀ., 7.1ರಿಂದ 76 ಸೆಂ.ಮೀ., 8.1ರಿಂದ 87 ಸೆಂ.ಮೀ. ದಾರ ಅರ್ಧ ಖಾಲಿಯಾದ ಸ್ಪೂಲಿನಲ್ಲಿ ಇದೆಲ್ಲ ಇಳಿಯುತ್ತದೆ.

ಬಾಸ್ ಹಿಡಿಯುವವರು ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್ ಲೂರಿಗೆ 5ರ ಗೇರ್, ಎಲ್ಲದಕ್ಕೂ ಆಗಲಿ ಅಂತ 6ರದ್ದು, ಕಪ್ಪೆಗೆ 7 ಅಥವಾ 8ರದ್ದು ಅಂತ ಮೂರು ನಾಲ್ಕು ರೀಲು ಇಟ್ಟುಕೊಳ್ಳುತ್ತಾರೆ. ನಮಗೆ ಒಂದೇ ರೀಲಾದರೆ 7ರ ಆಸುಪಾಸು. ಕಪ್ಪೆಯನ್ನು ರಾಡಿನ ತುದಿಯಿಂದ ಕುಣಿಸುವಾಗ ಸಡಿಲವಾಗುವ ದಾರವನ್ನು ಬೇಗ ಸುತ್ತಿಕೊಳ್ಳಬೇಕು, ಕಚ್ಚಿದ ಮೀನು ನಮ್ಮ ಕಡೆಗೇ ಓಡಿಬಂದರೂ ದಾರ ಬಿಗಿಯಾಗಿರಬೇಕು. 8ರ ಮೇಲಿನವು ವೇಗವೇನೋ ಸರಿ, ಆದರೆ ಕಳೆಯ ಮುದ್ದೆ ಸಮೇತ ಮೀನು ಎಳೆಯುವಾಗ ಹ್ಯಾಂಡಲ್ ಭಾರವಾಗುತ್ತದೆ. 90 ಮಿ.ಮೀ.ಗಿಂತ ಉದ್ದದ ಹ್ಯಾಂಡಲ್ ಇದ್ದರೆ ಆ ಭಾರ ಸ್ವಲ್ಪ ಕಡಿಮೆ.

ಬ್ರೇಕಿನಲ್ಲಿ ಎರಡು ಮುಖ್ಯ ಬಗೆ. ಸೆಂಟ್ರಿಫ್ಯೂಗಲ್ ಬ್ರೇಕಿನಲ್ಲಿ ಸ್ಪೂಲಿನ ಪಕ್ಕ ಪುಟ್ಟ ಗುಬ್ಬಿಗಳಿವೆ. ಸ್ಪೂಲ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಚಿಮ್ಮಿ ಒಂದು ಬಳೆಗೆ ಉಜ್ಜುತ್ತವೆ. ಎಸೆತದ ಮೊದಲ ರಭಸದಲ್ಲಿ ಹೆಚ್ಚು ಹಿಡಿಯುತ್ತದೆ, ಆಮೇಲೆ ಬಿಟ್ಟುಕೊಡುತ್ತದೆ. ಮ್ಯಾಗ್ನೆಟಿಕ್ ಬ್ರೇಕಿನಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಅಲ್ಯೂಮಿನಿಯಂ ಸ್ಪೂಲ್ ಅಯಸ್ಕಾಂತದ ಎದುರು ತಿರುಗುವಾಗ ಹುಟ್ಟುವ ವಿದ್ಯುತ್ ಸುಳಿಯೇ ಅದನ್ನು ತಡೆಯುತ್ತದೆ. ಹೊರಗಿನ ಗುಂಡಿ ತಿರುಗಿಸಿದರೆ ಅಯಸ್ಕಾಂತ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಕಲಿಯುವವರಿಗೆ ಎರಡನೆಯದು ಸುಲಭ: ಕೆರೆಯ ಕಡೆಯಿಂದ ಎದುರು ಗಾಳಿ ಬೀಸಿದಾಗ ಪಕ್ಕದ ಪ್ಲೇಟ್ ಬಿಚ್ಚದೆ ಎರಡು ಗೆರೆ ಏರಿಸಿದರೆ ಸಾಕು. ಸ್ಪೂಲಿನ ತಿರುಗಾಟದಿಂದಲೇ ವಿದ್ಯುತ್ ಪಡೆದು, ಚಿಪ್ ಮೂಲಕ ಬ್ರೇಕ್ ಹಾಕುವ ಡಿಸಿ ರೀಲುಗಳೂ ಇವೆ. ಜೇಬು ಗಟ್ಟಿ ಇದ್ದವರು ನೋಡಬಹುದು, ಹೆಬ್ಬೆರಳಿನ ಕೆಲಸ ಅದರಲ್ಲೂ ಪೂರಾ ತಪ್ಪುವುದಿಲ್ಲ.

ಬೇರಿಂಗಿನ ಸಂಖ್ಯೆ ನೋಡಿ ಮರುಳಾಗಬೇಡಿ. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗಳಲ್ಲಿ ಅತ್ಯಂತ ಪೊಳ್ಳು ಇದೇ. ಹ್ಯಾಂಡಲಿನ ಗುಬ್ಬಿಗೂ ಎರಡೆರಡು ತುರುಕಿ ಲೆಕ್ಕ ಏರಿಸುವುದುಂಟು. ಎಸೆತಕ್ಕೆ ಮುಖ್ಯವಾದದ್ದು ಸ್ಪೂಲಿನ ಎರಡು ಕಡೆಯ ಬೇರಿಂಗ್. ತಿರುಗಿಸುವ ಹಿತಕ್ಕೆ ಮುಖ್ಯ ಗೇರಿನ ಆಧಾರಕ್ಕಿರುವುದು. ಐದಾರು ಒಳ್ಳೆ ಬೇರಿಂಗಿನ ರೀಲು ಹದಿನೆಂಟು ಕಳಪೆ ಬೇರಿಂಗಿನದ್ದಕ್ಕಿಂತ ಮೇಲು. ಅದಕ್ಕಿಂತ ಚೌಕಟ್ಟು ನೋಡಿ. ಅಲ್ಯೂಮಿನಿಯಂ ಚೌಕಟ್ಟು ಕಳೆಯಲ್ಲಿ ಎಳೆಯುವಾಗ ಬಾಗುವುದಿಲ್ಲ, ಗೇರ್ ಹಲ್ಲುಗಳು ನೇರವಾಗಿ ಕೂತಿರುತ್ತವೆ. ಗ್ರಾಫೈಟ್ ಅಂತ ಮಾರುವ ಬಲವರ್ಧಿತ ಪ್ಲಾಸ್ಟಿಕ್ ಚೌಕಟ್ಟು ಹಗುರ, ತುಕ್ಕಿಲ್ಲ, ಆದರೆ ಭಾರಕ್ಕೆ ತುಸು ಓಲುತ್ತದೆ. ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ತಡೆತಡೆದು ಬಿಡುವ ಹಿಡಿತ, 5 ಕೆ.ಜಿ. ಇದ್ದರೆ ನಮ್ಮ ಕುಚ್ಚಿಗೆ ಧಾರಾಳ.

ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಹೀಗೆ ನೋಡಿ:

1. ಸ್ಪೂಲನ್ನು ಬಿಗಿ ಮಾಡುವ ಪಕ್ಕದ ಟೆನ್ಶನ್ ತಿರುಪು ಸಡಿಲಿಸಿ, ಸ್ಪೂಲನ್ನು ಬಿಟ್ಟುಕೊಡುವ ಹೆಬ್ಬೆರಳಿನ ಗುಂಡಿ ಒತ್ತಿ, ಸ್ಪೂಲನ್ನು ಮೆಲ್ಲಗೆ ತಿರುಗಿಸಿ. ಗರಗರ ಸದ್ದಿಲ್ಲದೆ ತಾನಾಗಿ ನಿಲ್ಲಬೇಕು.
2. ಹ್ಯಾಂಡಲನ್ನು ತೀರಾ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಜೋರಾಗಿ ತಿರುಗಿಸಿದರೆ ಎಲ್ಲ ರೀಲೂ ಚೆನ್ನಾಗೇ ಇರುತ್ತದೆ. ನಿಧಾನಕ್ಕೆ ತಿರುಗಿಸಿದಾಗ ಹಲ್ಲು ಹಲ್ಲಿಗೆ ತಡೆದಂತಾದರೆ ಬೇಡ.
3. ಸ್ಪೂಲನ್ನು ಬೆರಳಲ್ಲಿ ಹಿಡಿದು ಹ್ಯಾಂಡಲನ್ನು ಹಿಂದಕ್ಕೆ ತಳ್ಳಿ. ಹಿಂದಕ್ಕೆ ಜಾರಬಾರದು.
4. ಪಕ್ಕದ ಪ್ಲೇಟ್ ತೆಗೆದು ಹಾಕಿ ತೋರಿಸಲು ಹೇಳಿ. ಪೂರ್ತಿ ಕಳಚಿ ಕೈಗೆ ಬರುವಂಥದ್ದಕ್ಕಿಂತ ರೀಲಿಗೇ ಅಂಟಿಕೊಂಡಿರುವುದು ವಾಸಿ. ದೋಣಿಯಿಂದ ನೀರಿಗೆ ಬಿದ್ದ ಪ್ಲೇಟಿಗೆ ಬದಲಿ ಹುಡುಕುವುದು ಸುಲಭವಲ್ಲ.
5. ಡಬ್ಬಿಯಲ್ಲಿ ಬಿಡಿಭಾಗಗಳ ಚಿತ್ರವಿರುವ ಹಾಳೆ ಇದೆಯೇ ನೋಡಿ. ಅದಿಲ್ಲದ ಅಗ್ಗದ ರೀಲಿಗೆ ಬಿಡಿಭಾಗವೂ ಸಿಗುವುದು ಕಷ್ಟ.

ಹೆಸರಾಂತ ಕಂಪನಿಗಳ ನಕಲಿ ಮಾಲೂ ಆನ್‌ಲೈನಿನಲ್ಲಿ ಓಡಾಡುತ್ತದೆ. ಶಿಮಾನೊ ಅಥವಾ ಅಬು ಗಾರ್ಸಿಯಾ ಅಂತ ಬರೆದದ್ದು ನಂಬಲಾಗದಷ್ಟು ಅಗ್ಗವಾಗಿ ಕಂಡರೆ ನಂಬಬೇಡಿ, ಅಷ್ಟೇ.

ದಾರ ತುಂಬುವುದು, ಹದ ಮಾಡುವುದು

ಬ್ರೇಡನ್ನು ನೇರವಾಗಿ ಖಾಲಿ ಸ್ಪೂಲಿಗೆ ಕಟ್ಟಬೇಡಿ. ನುಣುಪಾದ ಲೋಹದ ಮೇಲೆ ಬ್ರೇಡ್ ಪೂರಾ ಸುತ್ತಿನ ಸಮೇತ ಜಾರುತ್ತದೆ. ಮೀನು ಎಳೆಯುವಾಗ ಡ್ರ್ಯಾಗ್ ಕೆಟ್ಟಿದೆ ಅನಿಸುವುದು ಎಷ್ಟೋ ಸಲ ಇದರಿಂದಲೇ. ಮೊದಲು ಹತ್ತು ಮೀಟರ್ ಮೋನೊ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. ನಮ್ಮೂರ ಅಂಗಡಿಯ ತಂಗೂಸಿ ದಾರವೇ ಸಾಕು. ತುಂಬುವಾಗ ಒದ್ದೆ ಬಟ್ಟೆಯಲ್ಲಿ ದಾರವನ್ನು ಬಿಗಿಯಾಗಿ ಹಿಡಿದಿರಿ, ಸಡಿಲವಾಗಿ ಸುತ್ತಿದ ಬ್ರೇಡ್ ಆಮೇಲೆ ತನ್ನೊಳಗೇ ಹೂತುಕೊಳ್ಳುತ್ತದೆ. ಅಂಚಿಗೆ 2–3 ಮಿ.ಮೀ. ಇರುವಾಗ ನಿಲ್ಲಿಸಿ.

ಈಗ ಹದ. ಎಸೆಯಲಿರುವ ಲೂರನ್ನೇ ಕಟ್ಟಿ ರಾಡನ್ನು ಅಡ್ಡಕ್ಕೆ ಹಿಡಿಯಿರಿ. ಬ್ರೇಕ್ ಸೊನ್ನೆಗೆ ತನ್ನಿ. ಗುಂಡಿ ಒತ್ತಿದಾಗ ಲೂರ್ ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಮುಟ್ಟಿದ ಮೇಲೂ ಸುತ್ತುತ್ತಿದ್ದರೆ ಟೆನ್ಶನ್ ತಿರುಪನ್ನು ಕೂದಲೆಳೆಯಷ್ಟು ಬಿಗಿ ಮಾಡಿ. ಲೂರ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ಕೈ ಪಳಗಿದವರು ತಿರುಪನ್ನು ಸ್ಪೂಲ್ ಅತ್ತಿತ್ತ ಅಲುಗದಷ್ಟಕ್ಕೆ ಮಾತ್ರ ಇಟ್ಟು, ಉಳಿದದ್ದನ್ನು ಬ್ರೇಕಿಗೂ ಹೆಬ್ಬೆರಳಿಗೂ ಬಿಡುತ್ತಾರೆ. ಅದು ನಂತರದ ಮಾತು.

ಆಮೇಲೆ ಬ್ರೇಕನ್ನು ಮುಕ್ಕಾಲು ಭಾಗಕ್ಕೆ ಏರಿಸಿ ಎಸೆಯಲು ಶುರುಮಾಡಿ. ಸಿಕ್ಕಾಗದೆ ಸಲೀಸಾಗಿ ಹೋಗುತ್ತಿದೆ ಅನಿಸಿದ ಮೇಲೆ ಒಂದೊಂದೇ ಗೆರೆ ಇಳಿಸಿ. ಸೆಂಟ್ರಿಫ್ಯೂಗಲ್ ಆದರೆ ಗುಬ್ಬಿಗಳನ್ನು ಎದುರುಬದುರು ಜೋಡಿಯಾಗಿಯೇ ಆನ್ ಮಾಡಿ. ಒಂದೇ ಕಡೆಯವನ್ನು ಬಿಟ್ಟರೆ ಸ್ಪೂಲ್ ನಡುಗುತ್ತದೆ.

ಡ್ರ್ಯಾಗನ್ನು ಕೈಯಂದಾಜಿನಲ್ಲಿ ಇಡುವವರೇ ಹೆಚ್ಚು. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇದ್ದರೆ ದಾರದ ತುದಿ ಅದಕ್ಕೆ ಕಟ್ಟಿ, ರಾಡ್ ಬಾಗಿಸಿ ಎಳೆದು ನೋಡಿ. ದಾರದ ಬಲದ ಕಾಲು ಭಾಗಕ್ಕೆ ಡ್ರ್ಯಾಗ್ ಬಿಡಬೇಕು ಅನ್ನುವುದು ಹಳೆಯ ರೂಢಿ. 40 ಪೌಂಡ್ ಅಂದರೆ ಸುಮಾರು 18 ಕೆ.ಜಿ., ಅದರ ಕಾಲು ನಾಲ್ಕೂವರೆ. ಬಯಲು ನೀರಾದರೆ ಅದಕ್ಕಿಂತ ಸಡಿಲ ಇರಲಿ. ಜೊಂಡಿನೊಳಗೆ ಮಾತ್ರ ಸಡಿಲ ಬಿಟ್ಟು ಕುಚ್ಚಿಗೆ ದಾರಿ ಕೊಡಬೇಡಿ.

ಹೆಬ್ಬೆರಳನ್ನು ಪಳಗಿಸುವುದು

ಅಭ್ಯಾಸಕ್ಕೆ ಕೆರೆ ಬೇಡ, ಕೊಯ್ಲಾದ ಗದ್ದೆ ಅಥವಾ ಹುಲ್ಲಿನ ಅಂಗಳ ಸಾಕು. ಅಡಿಕೆ ಒಣಗಿಸುವ ಸಿಮೆಂಟ್ ಕಣ ಎಷ್ಟೇ ವಿಶಾಲವಾಗಿದ್ದರೂ ಬೇಡ, ಬ್ರೇಡನ್ನು ಅದು ಉಜ್ಜಿ ತೆಗೆಯುತ್ತದೆ. ಕೊಕ್ಕೆ ಕತ್ತರಿಸಿದ ಹಳೆ ಕಪ್ಪೆ ಅಥವಾ 12–14 ಗ್ರಾಂನ ಅಭ್ಯಾಸದ ಗುಂಡು ಕಟ್ಟಿಕೊಳ್ಳಿ.

ಎಸೆಯುವಾಗ ಹೆಬ್ಬೆರಳು ಸ್ಪೂಲಿನ ದಾರದ ಮೇಲೆ ಒತ್ತಿರಲಿ. ರಾಡ್ ಮುಂದಕ್ಕೆ ಬರುವಾಗ ಒತ್ತಡ ಬಿಡಿ, ಆದರೆ ಬೆರಳನ್ನು ಎತ್ತಿಬಿಡಬೇಡಿ; ದಾರಕ್ಕೆ ಸವರಿಯೂ ಸವರದಂತೆ ಇಟ್ಟಿರಿ. ಸ್ಪೂಲಿನ ದಾರ ಉಬ್ಬತೊಡಗಿದರೆ ಬೆರಳಿನ ತುದಿಗೆ ಕಚಗುಳಿ ಇಟ್ಟಂತೆ ಮೊದಲೇ ತಿಳಿಯುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಲೂರ್ ನೀರು ಮುಟ್ಟುವ ತುಸು ಮುಂಚೆ ಬೆರಳೊತ್ತಿ ಸ್ಪೂಲ್ ನಿಲ್ಲಿಸಿ. ಸಿಕ್ಕುಗಳಲ್ಲಿ ಬಹಳಷ್ಟು ಆಗುವುದು ಎಸೆಯುವಾಗಲ್ಲ, ಕೊನೆಯಲ್ಲಿ ನಿಲ್ಲಿಸಲು ಮರೆತಾಗ.

ಕಲಿಯುವವರಿಗೆ ಒಂದು ಉಪಾಯ: ನಿಮ್ಮಿಂದಾದಷ್ಟು ದೂರ ಎಸೆದು, ಕೈಯಲ್ಲಿ ಇನ್ನೂ ಹತ್ತು ಮೀಟರ್ ದಾರ ಎಳೆದು, ಸ್ಪೂಲಿನಲ್ಲಿ ಉಳಿದ ದಾರದ ಮೇಲೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಅಂಟಿಸಿ. ಎಂಥ ಸಿಕ್ಕಾದರೂ ಟೇಪಿನ ಕೆಳಗಿನ ದಾರಕ್ಕೆ ಹೋಗುವುದಿಲ್ಲ. ಕೈ ಕುದುರಿದ ಮೇಲೆ ಕಿತ್ತುಹಾಕಿ, ದೊಡ್ಡ ಮೀನು ಅಷ್ಟು ದಾರ ಎಳೆದರೆ ಟೇಪ್ ಅಡ್ಡ ಬರುತ್ತದೆ.

ಸಿಕ್ಕಾದರೆ ಸಿಟ್ಟಿಗೆದ್ದು ದಾರ ಜಗ್ಗಬೇಡಿ. ಸ್ಪೂಲಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ, ಒತ್ತಿದಂತೆಯೇ ಹ್ಯಾಂಡಲನ್ನು ಎರಡು ಮೂರು ಸುತ್ತು ತಿರುಗಿಸಿ (ಡ್ರ್ಯಾಗ್ ಬಿಗಿಯಾಗಿರಲಿ). ಈಗ ಗುಂಡಿ ಒತ್ತಿ ದಾರವನ್ನು ಮೆಲ್ಲಗೆ ಎಳೆಯಿರಿ. ಎದ್ದ ಕುಣಿಕೆಗಳು ಚಪ್ಪಟೆಯಾಗಿ ಬಿಚ್ಚಿಕೊಂಡು ಬರುತ್ತವೆ. ಮತ್ತೆ ತಡೆದರೆ ಮತ್ತೆ ಅದೇ. ಅದಕ್ಕೂ ಬಗ್ಗದ್ದನ್ನು ಸೂಜಿಯಿಂದಲ್ಲ, ಮೊಂಡು ಕಡ್ಡಿಯಿಂದ ಬಿಡಿಸಿ. ಚೂಪಾದದ್ದು ಬ್ರೇಡಿನ ಎಳೆ ಕೀಳುತ್ತದೆ.

ಆರೈಕೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ರೀಲು ಕೊಳ್ಳುವುದಕ್ಕೆ ಎಲ್ಲರೂ ತಿಂಗಳುಗಟ್ಟಲೆ ಯೋಚಿಸುತ್ತಾರೆ, ಒರೆಸುವುದಕ್ಕೆ ಐದು ನಿಮಿಷ ಕೊಡುವುದಿಲ್ಲ.

ಮಲೆನಾಡಿನ ಕೈಗಳಿಂದಲೇ ಶುರುಮಾಡೋಣ. ಉಂಬಳ ಹತ್ತದಿರಲಿ ಅಂತ ಕಾಲಿಗೆ ಉಪ್ಪು ತಿಕ್ಕಿದ ಕೈಯಲ್ಲೇ ರೀಲು ಹಿಡಿದರೆ, ಸಮುದ್ರಕ್ಕೆ ಹೋಗದೆಯೂ ರೀಲಿಗೆ ಉಪ್ಪು ಹತ್ತಿತು. ಡಿಸೆಂಬರಿನಿಂದ ಮೇ ತನಕ, ಮಂಗನ ಕಾಯಿಲೆಯ ಕಾಲದಲ್ಲಿ, ಕಾಡಂಚಿಗೆ ಹೋಗುವವರು ಉಣ್ಣೆ ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಲೇಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇಂದಿಗೂ ನಮ್ಮನ್ನು ಬಿಟ್ಟಿಲ್ಲ, ರೀಲಿನ ಮುಖ ನೋಡಿ ಎಣ್ಣೆ ಬಿಡುವುದು ಮೂರ್ಖತನ. ಆದರೆ ಡಿಎಂಪಿ, ಡೀಟ್ ಎಂಬ ಕೀಟ ಓಡಿಸುವ ರಾಸಾಯನಿಕ ಇರುವ ಎಣ್ಣೆ, ಸ್ಪ್ರೇಗಳು ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಮೆತ್ತಗಾಗಿಸುತ್ತವೆ. ಹಚ್ಚಿಕೊಂಡ ಮೇಲೆ ಅಂಗೈಯನ್ನು ಸೋಪಿನಲ್ಲಿ ತೊಳೆದು ರೀಲು ಮುಟ್ಟಿ. ಇನ್ನೊಂದು, ಅಡಿಕೆ ತೋಟದವರಿಗೆ: ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಇಟ್ಟ ಕೋಣೆಯಲ್ಲಿ ರೀಲು ಇಡಬೇಡಿ. ತಾಮ್ರದ ಆ ಲವಣ ತೇವದ ಜತೆ ಸೇರಿ ಅಲ್ಯೂಮಿನಿಯಂಗೆ ತಾಗಿದರೆ ಗುಳಿ ಬೀಳಿಸುತ್ತದೆ.

ಮೀನು ಶಿಕಾರಿಯಿಂದ ಬಂದ ದಿನ:

1. ರೀಲನ್ನು ರಾಡಿನಿಂದ ಬಿಚ್ಚಿ, ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿ. ಬಕೆಟಿನಲ್ಲಿ ಮುಳುಗಿಸಬೇಡಿ, ನಲ್ಲಿಯ ರಭಸಕ್ಕೆ ಹಿಡಿಯಬೇಡಿ. ಹೊರಗಿನ ಗಸಿಯನ್ನು ನೀರೇ ಒಳಗೆ ತಳ್ಳುತ್ತದೆ.
2. ಸ್ಪೂಲಿನ ಮುಂದೆ ದಾರ ಹಂಚುವ ಲೆವೆಲ್ ವೈಂಡಿನ ತಿರುಪಿನ ದಂಡವನ್ನು ಹಳೆ ಟೂತ್‌ಬ್ರಶ್ಶಿನಿಂದ ಉಜ್ಜಿ.
3. ದಾರವನ್ನು ನೀವು ಆ ದಿನ ಎಸೆದಷ್ಟು ದೂರ ಬಿಚ್ಚಿ, ಒಣ ಬಟ್ಟೆಯಲ್ಲಿ ಹಿಡಿದು ಸುತ್ತಿ. ಬ್ರೇಡ್ ನೀರು ಹಿಡಿದಿಟ್ಟುಕೊಳ್ಳುತ್ತದೆ, ಆ ನೀರೇ ಸ್ಪೂಲಿನ ಬೇರಿಂಗಿಗೆ ಇಳಿಯುವುದು.
4. ಡ್ರ್ಯಾಗಿನ ನಕ್ಷತ್ರವನ್ನು (ಹ್ಯಾಂಡಲಿನ ಬುಡದ ನಕ್ಷತ್ರದಾಕಾರದ ತಿರುಪು) ಪೂರಾ ಸಡಿಲಿಸಿ. ಬಿಗಿಯಾಗಿ ಬಿಟ್ಟರೆ ಒಳಗಿನ ವಾಷರುಗಳು ಒತ್ತಿ ಚಪ್ಪಟೆಯಾಗಿ, ಮುಂದೆ ಎಳೆತ ಜರ್ಕ್ ಹೊಡೆಯುತ್ತದೆ.
5. ಪಕ್ಕದ ಪ್ಲೇಟ್ ತೆಗೆದು ಒಂದು ರಾತ್ರಿ ಗಾಳಿಯಾಡಲು ಬಿಡಿ.

ಎರಡನೆಯ ಹೆಜ್ಜೆಗೆ ಯಾಕಿಷ್ಟು ಒತ್ತು ಅಂದರೆ, ನಮ್ಮ ರೀಲುಗಳಲ್ಲಿ ಮೊದಲು ಸವೆಯುವುದು ಅಲ್ಲೇ. ದಾರವನ್ನು ಸ್ಪೂಲಿನ ಅಗಲಕ್ಕೂ ಹಂಚುವ ಆ ಪುಟ್ಟ ಕಿಂಡಿ ಅತ್ತಿತ್ತ ಓಡಾಡುವುದು, ಅಡ್ಡಡ್ಡ ಗೀರು ಕೊರೆದ ದಂಡದೊಳಗೆ ಒಂದು ಸಣ್ಣ ಉಗುರು ಸಿಕ್ಕಿಕೊಂಡು ಚಲಿಸುವುದರಿಂದ. ಪಾಲ್ ಅಂತಾರೆ ಅದಕ್ಕೆ. ಬೆಳೆದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಹಿನ್ನೀರಿನಿಂದ ಬಂದ ರೀಲನ್ನು ಬೆಳಕಿಗೆ ಹಿಡಿದರೆ ಆ ಗೀರುಗಳ ತಳದಲ್ಲಿ ಕುಂಕುಮದಷ್ಟು ನಯವಾದ ಕೆಂಪು ಗೆರೆ ಕಾಣುತ್ತದೆ. ಅದರ ಮೇಲೆ ಎಣ್ಣೆ ಹಾಕಿದಿರೋ, ಎಣ್ಣೆಯೂ ಗಸಿಯೂ ಕಲೆತು ಅರೆಯುವ ಲೇಹ್ಯವಾಗುತ್ತದೆ. ಪ್ರತಿ ಸುತ್ತಿಗೂ ಪಾಲಿನ ಮೂತಿ ಸವೆಯುತ್ತದೆ. ಮೊದಲು ಉಜ್ಜಿ ಒರೆಸಿ, ಆಮೇಲೆ ಒಂದೇ ಒಂದು ತೊಟ್ಟು ತೆಳು ಎಣ್ಣೆ.

ಎಣ್ಣೆ ಎಲ್ಲಿ, ಗ್ರೀಸ್ ಎಲ್ಲಿ? ಜೋರಾಗಿ ತಿರುಗುವುದಕ್ಕೆ ಎಣ್ಣೆ, ಭಾರ ಹೊರುವುದಕ್ಕೆ ಗ್ರೀಸ್. ಸ್ಪೂಲಿನ ಎರಡು ಬೇರಿಂಗಿಗೆ ಒಂದೊಂದು ತೊಟ್ಟು, ಹ್ಯಾಂಡಲ್ ಗುಬ್ಬಿಗೆ, ಲೆವೆಲ್ ವೈಂಡಿಗೆ ತೆಳು ರೀಲ್ ಎಣ್ಣೆ. ಮುಖ್ಯ ಗೇರಿನ ಹಲ್ಲಿಗೆ ತೆಳುವಾಗಿ ಸವರಿದ ಗ್ರೀಸ್. ಸೆಂಟ್ರಿಫ್ಯೂಗಲ್ ಬ್ರೇಕಿನ ಬಳೆಗೆ ಏನೂ ಬೇಡ, ಅಲ್ಲಿ ಎಣ್ಣೆ ತಾಗಿದರೆ ಬ್ರೇಕ್ ಇಲ್ಲದಂತೆಯೇ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಒಮ್ಮುಖ ಬೇರಿಂಗಿಗೆ ಗ್ರೀಸ್ ಎಂದೂ ಬೇಡ. ಸಾಗರದ ಕಡೆಯ ಹುಡುಗನೊಬ್ಬ ರೀಲು ಹಿಡಿದು ಬಂದು, "ಅಣ್ಣ, ಹೊಸ ಗ್ರೀಸ್ ತುಂಬ್ಸಿ ಸರ್ವಿಸ್ ಮಾಡ್ದೆ, ಈಗ ಹ್ಯಾಂಡ್ಲು ಹಿಂದೆ ಮುಂದೆ ಎರಡೂ ಕಡೆ ತಿರುಗ್ತದೆ" ಅಂದ. ಒಳಗಿನ ಸಣ್ಣ ರೋಲರುಗಳು ಗ್ರೀಸಿನಲ್ಲಿ ಜಾರುತ್ತಿದ್ದವು, ಕಚ್ಚಿ ಹಿಡಿಯುತ್ತಿರಲಿಲ್ಲ. ತೊಳೆದು ಒಣಗಿಸಿ ಕೂರಿಸಿದ ಮೇಲೆ ಸರಿಹೋಯಿತು.

ಡಬ್ಲ್ಯುಡಿ-40 ಮನೆಯಲ್ಲಿದೆ, ಹೊಡೆಯಲೇ? ಬೇಡ. ಅದು ನೀರು ಓಡಿಸಲು, ತುಕ್ಕು ಬಿಡಿಸಲು ಒಳ್ಳೆಯದು, ಇದ್ದ ಗ್ರೀಸನ್ನೂ ಕರಗಿಸಿಬಿಡುತ್ತದೆ. ತೆಂಗಿನೆಣ್ಣೆಯಂತೂ ದಿನ ಕಳೆದಂತೆ ಅಂಟಾಗುತ್ತದೆ, ಆಗುಂಬೆಯ ಚಳಿಗೆ ಹೆಪ್ಪುಗಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಏನೂ ಇಲ್ಲದಾಗ, ನಡೆಯುತ್ತದೆ.

ವರ್ಷಕ್ಕೊಮ್ಮೆ ಬಿಚ್ಚುವುದು

ಮೃಗಶಿರಾ ಮಳೆ ಹಿಡಿಯುವ ಮುಂಚೆ, ಅಂದರೆ ಜೂನ್ ಮೊದಲ ವಾರದೊಳಗೆ, ಈ ಕೆಲಸ ಮುಗಿಸಿ. ಆಮೇಲೆ ಹೊಳೆ ಕೆಂಪಾಗಿ, ಹೊಸ ನೀರಿಗೆ ಎದುರಾಗಿ ಹತ್ತಿಬರುವ ಹತ್ತುಮೀನಿನ ಸಂಭ್ರಮ ಮುಗಿದು, ನೀರು ತಿಳಿಯಾಗುವ ತನಕ ಹೇಗೂ ರೀಲಿಗೆ ರಜೆ. ಮಳೆಗಾಲ ಕುಚ್ಚು ಮರಿ ಮಾಡುವ ಕಾಲ ಕೂಡ. ನೀರ ಮೇಲೆ ಕೆಂಪು ಮರಿಗಳ ಗುಂಪು ಕುದಿಯುತ್ತಿದ್ದರೆ ಅದರ ಕೆಳಗೆ ಕಾವಲಿಗೆ ತಾಯಿ ತಂದೆ ಇರುತ್ತವೆ; ಅಲ್ಲಿ ಕಪ್ಪೆ ಎಸೆಯುವುದು ಬೇಟೆಯಲ್ಲ.

ಅಂಚು ಎತ್ತರವಿರುವ ಊಟದ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಕೂತುಕೊಳ್ಳಿ. ಹಗಲು, ಫ್ಯಾನ್ ಆಫ್. ಪ್ರತಿ ಭಾಗ ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೊ. ಹ್ಯಾಂಡಲಿನ ನಟ್ಟು, ಹ್ಯಾಂಡಲ್, ನಕ್ಷತ್ರ, ಅದರ ಕೆಳಗಿನ ಸ್ಪ್ರಿಂಗ್ ವಾಷರುಗಳನ್ನು ಬಂದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಾ ಹೋಗಿ. ಬಾಗಿದ ವಾಷರುಗಳ ಮುಖ ಯಾವ ಕಡೆಗಿತ್ತು ಅನ್ನುವುದನ್ನು ಮರೆತರೆ ಡ್ರ್ಯಾಗ್ ಸರಿಯಾಗಿ ಕೂರುವುದಿಲ್ಲ. ಪಕ್ಕದ ಕವಚದ ಸ್ಕ್ರೂ ಬಿಚ್ಚುವಾಗ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇರಲಿ, ಮೆತ್ತನೆ ಲೋಹದ ತಲೆಗಳು ಬೇಗ ಸವೆಯುತ್ತವೆ. ಹೆಬ್ಬೆರಳಿನ ಗುಂಡಿಗೆ ಸೇರಿದ ಸಣ್ಣ ಸ್ಪ್ರಿಂಗುಗಳು ಹಾರುವುದು ಇಲ್ಲೇ, ಕವಚವನ್ನು ನೇರ ಮೇಲಕ್ಕೆ, ನಿಧಾನಕ್ಕೆ ಎತ್ತಿ.

ಹಳೆಯ ಗ್ರೀಸನ್ನು ಹತ್ತಿ ಕಡ್ಡಿಯಿಂದ ತೆಗೆಯಿರಿ. ಲೋಹದ ಗೇರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಯಬಹುದು. ಸ್ಪೂಲಿನ ಬೇರಿಂಗುಗಳನ್ನು ಅದರಲ್ಲೇ ಸಣ್ಣ ಡಬ್ಬಿಯಲ್ಲಿ ಹಾಕಿ ಕುಲುಕಿ, ದ್ರವ ಕೊಳೆಯಾದರೆ ಬದಲಿಸಿ ಮತ್ತೆ ಕುಲುಕಿ, ಪೂರಾ ಒಣಗಿಸಿ. ಒಲೆಯಿಂದ, ಬೀಡಿ ಸಿಗರೇಟಿನಿಂದ ದೂರ, ಜಗುಲಿಯಲ್ಲಿ ಮಾಡಿ. ಉಗುರು ಬಣ್ಣ ತೆಗೆಯುವ ಅಸಿಟೋನ್ ಬೇಡ, ಪ್ಲಾಸ್ಟಿಕ್ ಭಾಗ ಕರಗುತ್ತದೆ. ಒಣಗಿದ ಬೇರಿಂಗನ್ನು ಪೆನ್ಸಿಲಿನ ತುದಿಗೆ ಸಿಕ್ಕಿಸಿ ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ತಡೆತಡೆದು ತಿರುಗಿದರೆ ಇನ್ನೊಮ್ಮೆ ತೊಳೆಯಿರಿ, ಆಮೇಲೂ ಹಾಗೇ ಇದ್ದರೆ ಬದಲಿಸಿ. ಎಣ್ಣೆ ಒಂದು ತೊಟ್ಟು ಸಾಕು, ಎರಡು ತೊಟ್ಟಿಗೆ ಎಸೆತದ ದೂರ ಇಳಿಯುತ್ತದೆ.

ಡ್ರ್ಯಾಗಿನ ಕಾರ್ಬನ್ ವಾಷರುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಕಂಪನಿ ಗ್ರೀಸ್ ಹಾಕಿ ಕಳಿಸಿದ್ದರೆ ಮಾತ್ರ ಡ್ರ್ಯಾಗ್ ಗ್ರೀಸನ್ನು ಹೊಳಪು ಬರುವಷ್ಟೇ ಸವರಿ. ಒಣಗಿದ್ದದ್ದು ಒಣಗಿಯೇ ಇರಲಿ. ಮುಖ್ಯ ಗೇರಿಗೆ ಗ್ರೀಸ್ ಹಚ್ಚಲು ಸಣ್ಣ ಬಣ್ಣದ ಕುಂಚ ಬಳಸಿ, ಹಲ್ಲಿನ ಆಕಾರ ಗ್ರೀಸಿನಡಿ ಕಾಣುತ್ತಿರಬೇಕು. ಫೋಟೊ ಹಿಂದಿನಿಂದ ಮುಂದಕ್ಕೆ ನೋಡುತ್ತಾ ಜೋಡಿಸಿ. ಒಂದು ಭಾಗ ಉಳಿದುಹೋದರೆ "ಅದಿಲ್ಲದೆಯೂ ತಿರುಗ್ತದಲ್ಲ" ಅಂದುಕೊಳ್ಳಬೇಡಿ ಮಾರಾಯ್ರೆ, ಮತ್ತೆ ಬಿಚ್ಚಿ.

ಮಳೆಗಾಲದಲ್ಲಿ ಇಡುವುದೆಲ್ಲಿ? ಬಚ್ಚಲೊಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಇಡುವವರಿದ್ದಾರೆ. ಮಸಿ, ಹೊಗೆಯ ಜಿಡ್ಡು ಎರಡೂ ಒಳಗೆ ಇಳಿಯುತ್ತವೆ. ರೀಲಿನ ಜತೆ ಬರುವ ಮೆತ್ತನೆ ಚೀಲವೂ ತೇವ ಹೀರಿ ಬೂಸ್ಟು ಹಿಡಿಯುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ನೆಚ್ಚಬಹುದಾದದ್ದು ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅನ್ನುವುದು ತಾನೇ ತಿಳಿಯುತ್ತದೆ. ಡಬ್ಬಿಗೆ ಹಾಕುವ ಮುಂಚೆ ರೀಲು, ದಾರ ಪೂರಾ ಒಣಗಿರಬೇಕು. ತಿಂಗಳಿಗೊಮ್ಮೆ ತೆಗೆದು ಹ್ಯಾಂಡಲ್ ನಾಲ್ಕು ಸುತ್ತು ತಿರುಗಿಸಿ ಇಡಿ.

ಸದ್ದು ಕೇಳಿ ರೋಗ ಹಿಡಿಯುವುದು

ಎಸೆಯುವಾಗ ಕಿರ್ರೆಂದು ಸಣ್ಣ ಕೂಗು ಬಂದರೆ ಸ್ಪೂಲಿನ ಬೇರಿಂಗ್ ಒಣಗಿದೆ, ಒಂದು ತೊಟ್ಟು ಎಣ್ಣೆ. ಹ್ಯಾಂಡಲ್ ತಿರುಗಿಸುವಾಗ ಮರಳು ಅರೆದಂತಾದರೆ ಮೊದಲು ಲೆವೆಲ್ ವೈಂಡ್ ನೋಡಿ, ಆಮೇಲೆ ಗೇರ್. ಗುಂಡಿ ಒತ್ತಿ ಸ್ಪೂಲ್ ತಿರುಗಿಸಿದಾಗ ಆ ಸದ್ದು ಇಲ್ಲ, ಹ್ಯಾಂಡಲಿನಲ್ಲಿ ಮಾತ್ರ ಇದೆ ಎಂದರೆ ಸ್ಪೂಲ್ ಬೇರಿಂಗ್ ಬಿಟ್ಟು ಬೇರೆಡೆ ಹುಡುಕಿ. ಎಸೆತದ ದೂರ ಇದ್ದಕ್ಕಿದ್ದಂತೆ ಇಳಿದರೆ ಬೇರಿಂಗ್ ಬದಲಿಸುವ ಮುಂಚೆ ಟೆನ್ಶನ್ ತಿರುಪು ನೋಡಿ, ಬ್ಯಾಗಿನಲ್ಲಿ ತಿರುಗಿ ತಾನೇ ಬಿಗಿಯಾಗಿರುತ್ತದೆ. ಡ್ರ್ಯಾಗ್ ಜರ್ಕ್ ಹೊಡೆದರೆ ವಾಷರಿಗೆ ಎಣ್ಣೆ ಅಥವಾ ನೀರು ಹೋಗಿದೆ. ಗುಂಡಿ ಒತ್ತಿದ ಮೇಲೆ ಹ್ಯಾಂಡಲ್ ತಿರುಗಿಸಿದರೂ ಅದು ಮೇಲೇಳದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ಜಾರಿದೆ ಅಥವಾ ಅಲ್ಲಿ ಗಸಿ ತುಂಬಿದೆ.

ಲೆವೆಲ್ ವೈಂಡಿನ ಕಿಂಡಿ ಒಂದು ತುದಿಗೆ ಹೋಗಿ ನಿಂತುಬಿಟ್ಟರೆ ಅದು ಪಾಲ್. ರೀಲು ಕೊಳ್ಳುವಾಗಲೇ ಆ ಮಾದರಿಯ ಎರಡು ಪಾಲ್ ತರಿಸಿಟ್ಟುಕೊಳ್ಳಿ. ಬೆಲೆ ಹೆಚ್ಚೇನಿಲ್ಲ, ಬದಲಿಸಲು ಕಿಂಡಿಯ ಕೆಳಗಿನ ಒಂದು ಮುಚ್ಚಳ ಬಿಚ್ಚಿದರೆ ಸಾಕು. ಹೊಸದನ್ನು ಕೂರಿಸುವಾಗ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುತ್ತಾ ಪಾಲಿನ ಮೂತಿ ಗೀರಿನೊಳಗೆ ಬಿದ್ದದ್ದು ಬೆರಳಿಗೆ ತಿಳಿದ ಮೇಲೆಯೇ ಮುಚ್ಚಳ ಬಿಗಿ ಮಾಡಿ. ಬಲವಂತವಾಗಿ ತಿರುಗಿಸಿದರೆ ಪಾಲ್ ಜತೆಗೆ ದಂಡವೂ ಹಾಳಾಗಬಹುದು, ದಂಡದ ಬೆಲೆ ಬೇರೆಯೇ.